ಜೋಗುಳದ ಹಕ್ಕುದಾರ

ಆಟಿಕೆ ಕಂಪನಿಯ ಹೊಸ ಗೊಂಬೆಯ ಹೊಟ್ಟೆ ಅಮುಕಿದರೆ ಜೋಗುಳ ಹಾಡುತ್ತಿತ್ತು. ಅಂಗಡಿಯಲ್ಲಿ ಅದನ್ನು ಕೇಳಿದ್ದೇ ತಡ, ದೋಣಿ ರಿಪೇರಿಯವನ ಮೈಯೆಲ್ಲ ಉರಿದುಹೋಯಿತು. ಅದು ದೋಣಿಯವರ ಜೋಗುಳ, ತೀರಿಹೋದ ಅವನಮ್ಮ ಹಾಡುತ್ತಿದ್ದದ್ದು. ಒಂದು ಮಾತು ಕೇಳದೆ ಗೊಂಬೆಯ ಹೊಟ್ಟೆಗೆ ತುಂಬಿದ್ದಲ್ಲದೆ, ಡಬ್ಬದ ಮೇಲೆ ‘ಸರ್ವಹಕ್ಕೂ ಕಂಪನಿಯದು’ ಎಂದು ಬೇರೆ ಬರೆದುಕೊಂಡಿದ್ದರು.

“ದೊಡ್ಡವರ ಸಹವಾಸ ನಮಗ್ಯಾಕೆ?” ಅಂದಳು ಹೆಂಡತಿ, ಮಗುವನ್ನು ತಟ್ಟುತ್ತ.

“ಇವತ್ತು ಹಾಡು ಬಿಟ್ಟರೆ ನಾಳೆ ದೋಣಿನೂ ನಮ್ಮದೇ ಅಂತಾರೆ. ಬಿಡೋ ಮಾತೇ ಇಲ್ಲ ಕಣೇ.”

ಹಕ್ಕು ನೋಂದಣಿ ಕಚೇರಿಗೆ ಅರ್ಜಿ ಹಾಕಿ, ಅಲೆದು, ಅಂತೂ ವಿಚಾರಣೆಯ ದಿನ ಬಂತು. ಸಾಕ್ಷಿಗೆ ಒಬ್ಬರು ಸಾಕಿತ್ತು. ಬೀದಿಗೆ ಬೀದಿಯೇ ಹೊರಟಿತು. ಮುಂದಾಳು ಪಕ್ಕದ ಮನೆ ಚಿಕ್ಕಮ್ಮ.

“ಹಾಡು ಗಾಳಿ ಇದ್ದ ಹಾಗೆ ಸಾರ್. ಯಾರಪ್ಪನ ಸ್ವತ್ತೂ ಅಲ್ಲ,” ಎಂದರು ಕಂಪನಿ ವಕೀಲರು.

“ಅಪ್ಪಂದಲ್ಲ ಸ್ವಾಮಿ, ಅಮ್ಮಂದು,” ಎಂದ ನಮ್ಮವನು.

ಅಧಿಕಾರಿ ಮೊದಲು ಗೊಂಬೆಯನ್ನು ಹಾಡಿಸಿದರು. ಆಮೇಲೆ ಚಿಕ್ಕಮ್ಮನ ಸರದಿ. ಎರಡನೇ ಸಾಲಿಗೇ ಮುದಿ ಅಂಬಿಗ “ತಪ್ಪು, ತಪ್ಪು” ಎಂದು ಎದ್ದು ನಿಂತು ತಾನೇ ಶುರುಮಾಡಿದ. ಸೋಲಲೊಲ್ಲದ ಚಿಕ್ಕಮ್ಮ ನಿಲ್ಲಿಸಲಿಲ್ಲ. ಜಿದ್ದಿಗೆ ಬಿದ್ದು ಇಬ್ಬರೂ ಹಾಡುತ್ತಿದ್ದ ಹಾಗೆ ವಕೀಲರು ಗೊರಕೆ ಹೊಡೆದರು, ಅಧಿಕಾರಿಯ ಹಣೆ ಮೇಜಿಗೆ ತಾಗಿತು.

ಎಚ್ಚರವಾದಾಗ ಅಧಿಕಾರಿ ಬಾಯಿ ಒರೆಸಿಕೊಂಡರು. “ಗೊಂಬೆ ಹಾಡಿದಾಗ ನನಗೆ ಆಕಳಿಕೆನೂ ಬರಲಿಲ್ಲ. ಹಾಡು ನಿಮ್ಮದೇ. ಯಾರ್ಯಾರು ಹಾಡಬಹುದು ಹೇಳಿ, ಬರೆಸ್ತೀನಿ.”

“ದೋಣಿಯವರ ಮನೇಲಿ ಹುಟ್ಟಿದವರು ಮಾತ್ರ. ಹೊರಗಿನವರು ಗುನುಗಿದರೂ ತಪ್ಪು,” ಎಂದ ದೋಣಿ ರಿಪೇರಿಯವನು.

“ಸ್ವಲ್ಪ ಯೋಚನೆ ಮಾಡಿ. ಆಮೇಲೆ ಬದಲಾಯಿಸೋಕಾಗಲ್ಲ.”

“ಯೋಚನೆ ಏನು ಸಾರ್? ನಮ್ಮ ಹಾಡು ನಮ್ಮ ಬಾಯಲ್ಲೇ ಇರಲಿ.”

ಚಿಕ್ಕಮ್ಮ ಮೊದಲೇ ಓಡಿಹೋಗಿ ಮನೆಯಲ್ಲುಳಿದವರಿಗೆಲ್ಲ ಸುದ್ದಿ ಮುಟ್ಟಿಸಿದಳು. ಇವನು ಎದೆಯುಬ್ಬಿಸಿ ಮನೆಗೆ ಬಂದರೆ, ಮಗು ಸೂರು ಹಾರುವಂತೆ ಕಿರುಚುತ್ತಿತ್ತು.

“ಸುಮ್ಮನೆ ನಿಂತಿದ್ದೀಯಲ್ಲ, ಹಾಡೇ.”

“ಹೇಗೆ ಹಾಡಲಿ? ನಾನು ಹುಟ್ಟಿದ್ದು ಗುಡ್ಡದ ಆಚೆ, ಕುರಿ ಕಾಯೋರ ಮನೇಲಿ. ಹೆಣ್ಣುಮಕ್ಕಳಿಲ್ಲ ಅಂತ ನಿಮ್ಮಮ್ಮ ಈ ಹಾಡು ಕಲಿಸಿದ್ದು ನನಗೆ. ಅದನ್ನ ನೀವು ಇವತ್ತು ಕಾನೂನು ಮಾಡಿ ಕಿತ್ಕೊಂಡ್ರಿ. ತಗೊಳ್ಳಿ, ನೀವೇ ಹಾಡಿ,” ಎಂದು ಮಗುವನ್ನು ಅವನ ಕೈಗಿಟ್ಟಳು.

ಅವನಿಗೆ ಬರುತ್ತಿದ್ದದ್ದು ಮೊದಲ ಸಾಲು ಮಾತ್ರ. ಅದನ್ನೇ ಹಾಡಿದ. ಮಗು ಗಳಿಗೆ ಹೊತ್ತು ಬೆಪ್ಪಾಗಿ ನೋಡಿ, ಎರಡರಷ್ಟು ಅಳತೊಡಗಿತು.

ಗೋಡೆಯಾಚೆಯಿಂದ ಚಿಕ್ಕಮ್ಮ ಕೂಗಿದಳು: “ಲೋ, ಹಕ್ಕಿದೆ ಅಂತ ಹೀಗೆ ಹಾಡೋದೇನೋ?”

“ನನ್ನ ಹಾಡು, ನನ್ನಿಷ್ಟ,” ಎಂದವನೇ ಮತ್ತೆ ಮೊದಲ ಸಾಲಿಗೆ ಬಂದ.