ಗಿರಣಿಯ ವರ್ಗಮೂಲ

ಕೈ ಸುಮ್ಮನಿರದವರಿಗೆ ಒಂದೊಂದು ಚಾಳಿ ಇರುತ್ತದೆ. ಕೆಲವರು ಮೀಸೆ ತೀಡುತ್ತಾರೆ, ಕೆಲವರು ಹಾಕಿದ ಬೀಗವನ್ನೇ ಮತ್ತೆ ಎಳೆದು ನೋಡುತ್ತಾರೆ. ನಾನು ಗಿರಣಿಯ ತಿರುಪನ್ನು ಒಂದಿಷ್ಟು ಅಲುಗಿಸುತ್ತೇನೆ. ನಂಜನಗೂಡಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನಿಗೆ ಇದು ಒಳ್ಳೆಯದಲ್ಲ. ತಿರುಪು ಅಲುಗಿ ಬೀಸುವ ಕಲ್ಲುಗಳ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಿದರೂ ನಮ್ಮ ಬೀದಿಯ ಹೆಂಗಸರ ಬೆರಳಿಗೆ ಗೊತ್ತಾಗುತ್ತದೆ. ಈಚೆಗೆ ಕೆಲವರು ಡಬ್ಬ ಹೊತ್ತುಕೊಂಡು ಸ್ಟೇಷನ್ ಕಡೆಯ ಗಿರಣಿಗೆ ಹೋಗತೊಡಗಿದ್ದಾರೆ.

ಚಾಳಿ ಹತ್ತಿಸಿದವಳು ನನ್ನ ಹೆಂಡತಿ ರತ್ನ. ಸೋದರಮಾವನ ಮಗಳು, ಟಿ. ನರಸೀಪುರದ ಕಾಲೇಜಿನಲ್ಲಿ ಗಣಿತದ ಮೇಡಂ ಆಗಿದ್ದಳು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾದವನು. ಬಾನಾಖ್ ಸ್ಪೇಸ್ ಎಂಬಲ್ಲಿನ ಆಪರೇಟರುಗಳ ಮೇಲೆ ಅವಳು ಡಾಕ್ಟರೇಟ್ ಮಾಡಿದಾಗ, ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದ್ದೆ. ಸಿಟ್ಟಾಗಲಿಲ್ಲ. ಸಂಜೆ ಬಸ್ಸಿಳಿದು ಗಿರಣಿಯಲ್ಲೇ ಕೂತು ಪಾಠ ಹೇಳುತ್ತಿದ್ದಳು. ಕಾಳು ಹಾಕಿದರೆ ಹಿಟ್ಟು ಕೊಡುವ ನಿಮ್ಮ ಗಿರಣಿಯೂ ಒಂದು ಆಪರೇಟರ್. ಎರಡು ಸಲ ಬೀಸಿದರೆ ಅದರ ವರ್ಗ. ಹೀಗೆ ಗಿರಣಿಯನ್ನೇ ಸೂತ್ರದೊಳಕ್ಕೆ ಹಾಕಿ ಲೆಕ್ಕ ಮಾಡುವುದು ಫಂಕ್ಷನಲ್ ಕ್ಯಾಲ್ಕುಲಸ್. ತಿರುಪು ಅಲುಗಿಸಿದರೆ ಪರ್ಟರ್ಬೇಷನ್, ಅಷ್ಟಕ್ಕೆ ಗಿರಣಿಯ ಗುಣ ಎಷ್ಟು ಬದಲಾಗುತ್ತದೆ ಎನ್ನುವುದೇ ಅವಳ ಥೀಸಿಸ್. ಇಷ್ಟಕ್ಕೆ ಅಷ್ಟು ವರ್ಷ ಬೇಕಾಯಿತೇ ಎಂದು ನನಗೆ ಕನಿಕರ.

"ಹಂಗಾದ್ರೆ ವರ್ಗಮೂಲ?" ಅಂದೆ ಒಮ್ಮೆ, ಜಾಣನಂತೆ.

ಅವಳ ಮುಖ ಅರಳಿತು. "ಎರಡು ಸಲ ಬೀಸಿದ್ರೆ ಈಗಿನ ಒಂದು ಸಲದ ಹಿಟ್ಟೇ ಬರ್ಬೇಕು, ಹಂಗೆ ತಿರುಪು ಇಡ್ರೀ. ಅದೇ ನಿಮ್ ಗಿರಣಿ ವರ್ಗಮೂಲ."

ಎಷ್ಟೋ ಭಾನುವಾರ ಪ್ರಯತ್ನಪಟ್ಟೆವು. ಒಮ್ಮೆ ನುಚ್ಚು, ಒಮ್ಮೆ ಮುಖಕ್ಕೆ ಹಚ್ಚುವ ಪೌಡರು. ಎಲ್ಲವನ್ನೂ ನಾವೇ ತಿಂದೆವು. ಹಿಟ್ಟನ್ನು ಮತ್ತೆ ಕಾಳು ಮಾಡುವ ಲೆಕ್ಕವೂ ಇದೆಯೇ ಎಂದಿದ್ದೆ. ಅದು ವಿಲೋಮ, ನಿಮ್ಮ ಗಿರಣಿಗೆ ಇಲ್ಲ ಎಂದಳು. ಆದರೆ ವಿಲೋಮವಿಲ್ಲದ ಕೆಲವು ಆಪರೇಟರುಗಳನ್ನು ಸ್ವಲ್ಪ ಅಲುಗಿಸಿದರೆ ವಿಲೋಮ ಹುಟ್ಟುವುದುಂಟಂತೆ. ಕೆಲವಕ್ಕೆ ಮಾತ್ರ. ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಆ 'ಕೆಲವಕ್ಕೆ' ಎಂಬ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ಅವಳು ಬಂದಿಳಿಯುತ್ತಿದ್ದ ನರಸೀಪುರದ ಬಸ್ಸು ಗಿರಣಿಯ ಮುಂದೆ ಹಾದುಹೋಗುವ ಹೊತ್ತಿಗೆ ಕೈ ತಾನಾಗಿ ತಿರುಪಿಗೆ ಹೋಗುತ್ತದೆ.

ಮೊನ್ನೆ ಸಂಜೆ ಹಾಗೆ ಅಲುಗಿಸಿ ಮರೆತಿದ್ದೆ. ಮರುದಿನ ಮೊದಲು ಬಂದದ್ದು ಹಾಲು ಮಾರುವ ಪುಟ್ಟಮ್ಮಕ್ಕನ ರಾಗಿ. ಅವರು ಹಿಟ್ಟನ್ನು ಬೆರಳಲ್ಲಿ ಉಜ್ಜಿದರು.

"ಇದೇನ್ ಶಿವಣ್ಣ, ದನಕ್ಕೆ ಬೂಸಾ ಬೀಸ್ದಂಗ್ ಬೀಸಿದ್ದೀಯಲ್ಲ? ಇನ್ನೊಂದ್ ಕಿತ ಹಾಕು. ಇಲ್ದಿದ್ರೆ ನಾನೂ ಟೇಸನ್ ತವ್ಕೇ ಓಯ್ತೀನಿ."

ಮತ್ತೆ ಸುರಿದೆ. ಬೆಚ್ಚಗಿನ ಹಿಟ್ಟು ಇಳಿಯಿತು. ಮತ್ತೆ ಉಜ್ಜಿ ನೋಡಿ, ಈಗ ಸರಿ, ಯಾವಾಗಲೂ ಬರುತ್ತಿದ್ದ ಹಿಟ್ಟು ಇದೇ ಎಂದರು. ನಾನೂ ಉಜ್ಜಿದೆ. ಅದೇ.

"ಅಕ್ಕ, ವರ್ಗಮೂಲ ಬಂತು."

"ಬರ್ಲಿ ಬುಡು. ಒಂದ್ ಕಿತಕ್ಕೆ ಆಗೋದ್ನ ಎಲ್ಡ್ ಕಿತ ಮಾಡ್ಬುಟ್ಟು ಏನ್ ನಗ್ತೀಯ? ಅಳ್ತೀಯೋ ನಗ್ತೀಯೋ, ಮೊದ್ಲು ತಿರುಪ್ ಬಿಗಿ ಮಾಡು."

ಬಿಗಿ ಮಾಡಿದೆ. ಅದಕ್ಕೂ ಮೊದಲು, ರತ್ನಳ ಬ್ಯಾಗಿನಲ್ಲಿ ಉಳಿದಿದ್ದ ಸೀಮೆಸುಣ್ಣದಿಂದ ತಿರುಪು ನಿಂತಿದ್ದ ಕಡೆ ಒಂದು ಗುರುತು ಹಾಕಿಕೊಂಡೆ. ಸಂಜೆ ಗಿರಾಕಿಗಳೆಲ್ಲ ಹೋದಮೇಲೆ ತಿರುಪನ್ನು ಆ ಗುರುತಿಗೆ ತಂದು, ನನ್ನೊಬ್ಬನ ಮುದ್ದೆಗಾಗುವಷ್ಟು ರಾಗಿಯನ್ನು ಒಮ್ಮೆ ಬೀಸಿದೆ. ಎರಡನೆಯ ಸಲ ಬೀಸುವ ಮೊದಲು ನರಸೀಪುರದ ಬಸ್ಸು ಬರಲಿ ಎಂದು ಕಾದೆ. ಬಂತು, ನಿಲ್ಲದೆ ಹೋಯಿತು. ಗಣಿತದಲ್ಲಿ ಫೇಲಾದವನ ಲೆಕ್ಕ ಎಲ್ಲಿ ತಾಳೆಯಾದೀತು ಎಂದುಕೊಂಡು, ಎರಡನೆಯ ಸಲಕ್ಕೆ ಸುರಿದೆ.