ಮೇಲಕ್ಕೆ ತೆರೆಯುವ ಬಾಗಿಲು

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತನ್ನು ಯಾರು ಕಟ್ಟಿದರೋ, ಅವರ ಪಕ್ಕದ ಮನೆಯಲ್ಲಿ ಒಬ್ಬ ಬಡಗಿ ಇದ್ದಿರಬೇಕು. ನಮ್ಮ ಬಡಗಿ ಮೂವತ್ತು ವರ್ಷದಿಂದ ಬಾಗಿಲು ಬಿಟ್ಟರೆ ಬೇರೇನೂ ಮಾಡಿದವನಲ್ಲ (ಕುರ್ಚಿ ಬೇಕು ಅಂದವರಿಗೆ, "ಕೂರೋದಕ್ಕೆ ನೆಲ ಇದೆಯಲ್ಲ" ಅನ್ನುತ್ತಿದ್ದ). ಹಾಗಾಗಿ ಎಲ್ಲರ ಬಾಯಲ್ಲೂ ಅವನು ಬಾಗಿಲಪ್ಪ. ಬೀದಿಯ ನಲವತ್ತು ಮನೆಗಳಿಗೆ ಬಾಗಿಲು ಕೂರಿಸಿದ ಈ ಮಹಾನುಭಾವನ ಸ್ವಂತ ಮನೆಯ ಚಿಕ್ಕ ಕೋಣೆಗೆ ಮಾತ್ರ ಬಾಗಿಲಿರಲಿಲ್ಲ. ಹರಿದ ಬೆಡ್‌ಶೀಟೊಂದು ಪರದೆಯ ಪದವಿಗೇರಿ ಅಲ್ಲಿ ನೇತಾಡುತ್ತಿತ್ತು.

ಬಾಗಿಲು ಬೇಕಾಗಿದ್ದದ್ದು ಅವನ ಹೆಂಡತಿಗೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಹದಿನೆಂಟು ವರ್ಷ ಗುಮಾಸ್ತೆಯಾಗಿದ್ದವಳು ಮೇಲ್ವಿಚಾರಕಿಯಾಗಲು ಪರೀಕ್ಷೆ ಕಟ್ಟಿದ್ದಳು. ಓದಲು ಕೂತರೆ ಹೊರಗೆ ಅತ್ತೆಯ ಟಿವಿ. ಅತ್ತೆಗೆ ಕಿವಿ ಮಂದ. ಆದ್ದರಿಂದ ಧಾರಾವಾಹಿಯ ಅಳುವೆಲ್ಲ ಇಡೀ ಬೀದಿಗೆ ಉಚಿತವಾಗಿ ಹಂಚಿಕೆಯಾಗುತ್ತಿತ್ತು.

"ರೀ, ಒಂದು ಬಾಗಿಲು ಹಾಕಿಕೊಡಿ. ಚಂದ ಬೇಡ, ಕೆತ್ತನೆ ಬೇಡ. ಮುಚ್ಚಿದ್ರೆ ಮುಚ್ಚಬೇಕು, ತೆಗೆದ್ರೆ ತೆಗೀಬೇಕು, ಅಷ್ಟೆ."

"ನಾಳೆ ಹಾಕೋಣ ಕಣೇ. ಹಲಗೆ ತಂದಾಯ್ತಲ್ಲ."

ಹಲಗೆ ತಂದದ್ದು ನಿಜ. ಒಳ್ಳೆಯ ಸಾಗುವಾನಿ. ಅದು ಗೋಡೆಗೆ ಒರಗಿಕೊಂಡು ಎಂಟು ತಿಂಗಳು ವಿಶ್ರಾಂತಿ ಪಡೆಯಿತು.

ಅದನ್ನು ಎಬ್ಬಿಸಿದ್ದು ಹೆಂಡತಿಯಲ್ಲ, ಒಂದು ಕಾರು. ಅದೂ ಇನ್ನೂ ಹುಟ್ಟದ ಕಾರು. ಒಂದು ಭಾನುವಾರ ಬಾಗಿಲಪ್ಪ ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ಮುಂದಿನ ವರ್ಷ ಬರಲಿರುವ ಎಲೆಕ್ಟ್ರಿಕ್ ಕಾರಂತೆ, ಮೈತುಂಬ ಕಪ್ಪು ಹೊದಿಕೆ. "ಬಾಗಿಲುಗಳು ಹಿಂದೆಂದೂ ಕಾಣದಂಥವು" ಎಂದಷ್ಟೇ ಬರೆದು ಪತ್ರಿಕೆಯವರು ಕೈತೊಳೆದುಕೊಂಡಿದ್ದರು.

"ಬಸ್ಸಿನ ಥರ ಮಡಚಿಕೊಳ್ಳುತ್ತೆ, ಬರೆದಿಟ್ಕೊಳ್ಳಿ," ಎಂದ ಸರದಿಗೆ ಕಾದಿದ್ದ ಬಸ್ ಡ್ರೈವರ್.

"ಕಾರು ಅಂದ್ರೆ ಕಾರು. ಎಳೆದ್ರೆ ತೆಗಿಯುತ್ತೆ, ತಳ್ಳಿದ್ರೆ ಮುಚ್ಚುತ್ತೆ," ಎಂದ ಕ್ಷೌರಿಕ.

ಬಾಗಿಲಪ್ಪನಿಗೆ ತಡೆಯಲಾಗಲಿಲ್ಲ. ಬಾಗಿಲಿನ ವಿಷಯಕ್ಕೆ ಕತ್ತರಿ ಹಿಡಿದವನು ತೀರ್ಪು ಕೊಡುವುದೆಂದರೇನು! "ಸರಿಯಾಗಿ ನೋಡ್ರಯ್ಯ. ಹಿಡಿಕೆಯೇ ಇಲ್ಲ. ಛಾವಣಿ ಅಂಚು ದಪ್ಪ ಇದೆ. ಅಂದ್ರೆ ಕೀಲು ಮೇಲಿದೆ. ಬಾಗಿಲು ರೆಕ್ಕೆ ಥರ ಮೇಲಕ್ಕೇಳುತ್ತೆ."

"ಅಷ್ಟು ಭಾರ ಎತ್ತಿ ಹಿಡಿಯೋರು ಯಾರು, ನಿಮ್ಮಪ್ಪನಾ? ಎಲ್ಲಿ, ಒಂದು ಮಾಡಿ ತೋರಿಸು ನೋಡೋಣ," ಎಂದು ಕ್ಷೌರಿಕ ಕೆಣಕಿದ.

ಬಾಗಿಲಪ್ಪ ಎದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ನೊರೆ. ಹಾಗೇ ಮನೆಗೆ ಬಂದು ಹಲಗೆಗೆ ಕೈ ಹಾಕಿದ. ಪಾಪ, ಹೆಂಡತಿ ತನ್ನ ಮೊರೆ ಕೊನೆಗೂ ಕೇಳಿಸಿತು ಅಂದುಕೊಂಡಳು.

ಐದು ದಿನದಲ್ಲಿ ಬಾಗಿಲು ಸಿದ್ಧವಾಯಿತು. ಕೀಲು ಮೇಲೆ. ಎತ್ತಿ ಹಿಡಿಯಲು ಹಳೆ ಕಾರಿನ ಡಿಕ್ಕಿಯಿಂದ ಕಿತ್ತು ತಂದ ಎರಡು ರಾಡು. ಹಿಡಿಕೆ ಇಲ್ಲ. ಅಂಗೈಯಿಂದ ಮೆಲ್ಲಗೆ ಒತ್ತಿದರೆ ಕೊಕ್ಕೆ ಬಿಟ್ಟುಕೊಂಡು ಬಾಗಿಲು ತಾನಾಗಿ ಮೇಲಕ್ಕೆ ಏಳುತ್ತಿತ್ತು. ನೋಡಲು ಬಂದವರಿಗೆಲ್ಲ ಬಾಗಿಲಪ್ಪ ಒಂದೇ ಮಾತು ಹೇಳಿದ: "ಹೊರಗಡೆಯಿಂದ ಒಂದೇ ಒಂದು ಸ್ಕ್ರೂ ಕಂಡ್ರೆ ನನ್ನ ಹೆಸರು ಬದಲಾಯಿಸಿ." ಕ್ಷೌರಿಕ ಕೈಮುಗಿದು ಹೋದ.

"ಯಾಕೋ ಬಾಗಿಲು ಮೇಲಕ್ಕೆ ಹೋಗ್ತಿದೆ?" ಎಂದರು ಬಾಗಿಲಪ್ಪನ ಅಮ್ಮ. "ತಲೆಕೆಳಗಾಗಿ ಕೂರಿಸಿಬಿಟ್ಟೆಯೇನೋ?"

ಹೆಂಡತಿ ಮಾತ್ರ ಮೂರು ವಾರ ನೆಮ್ಮದಿಯಾಗಿ ಓದಿದಳು. ಒಂದು ದಿನ ಊಟಕ್ಕೆ ಬಡಿಸುತ್ತಾ, "ಸುಮ್ನೆ ಹೇಳ್ಬಾರ್ದು ರೀ, ಕೈಯಲ್ಲಿ ಕಲೆ ಇದೆ ನಿಮಗೆ" ಅಂದಳು. ಅವತ್ತು ಬಾಗಿಲಪ್ಪ ಎರಡು ತುತ್ತು ಹೆಚ್ಚಿಗೆ ಉಂಡ.

ಪರೀಕ್ಷೆಯ ದಿನ ಬಂತು. ಹತ್ತು ಗಂಟೆಗೆ ಶುರು, ಆಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಬೆಳಿಗ್ಗೆಯೇ ಬಾಗಿಲು ಮುಚ್ಚಿಕೊಂಡು ಕೂತವಳು ಎಂಟೂಮುಕ್ಕಾಲಿಗೆ ಒಳಗಿನಿಂದ ಒತ್ತಿದಳು. ಬಾಗಿಲು ಏಳಲಿಲ್ಲ. ಬಾಗಿಲಪ್ಪ ಹೊರಗಿನಿಂದ ಒತ್ತಿದ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಳೆಯೋಣವೆಂದರೆ ಹಿಡಿಕೆ ಇಲ್ಲ. ಬಿಚ್ಚೋಣವೆಂದರೆ ಹೊರಗೆ ಒಂದೇ ಒಂದು ಸ್ಕ್ರೂ ಇಲ್ಲ, ಇದ್ದವೆಲ್ಲ ಹಲಗೆಯೊಳಗೇ ಮುಚ್ಚಿಹೋಗಿವೆ. ಕಿಟಕಿಯ ಕಂಬಿ ಕೂರಿಸಿದವನೂ ಅವನೇ, ಅದು ಅಲುಗಾಡುವ ಪ್ರಶ್ನೆಯೇ ಇಲ್ಲ.

"ರೀ, ಹೊತ್ತಾಗುತ್ತೆ."

"ಐದೇ ನಿಮಿಷ ಕಣೇ. ಕೊಕ್ಕೆ ಸಿಕ್ಕಿಕೊಂಡಿದೆ."

ಕೊಡಲಿ ಹಿತ್ತಲಲ್ಲೇ ಇತ್ತು. ಅದು ಅವನಿಗೆ ನೆನಪಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ನೆನಪಿತ್ತು. ಆದರೆ ಆ ಸಾಗುವಾನಿ, ಆ ಹೊಳಪು! ತಗಡಿನ ಚೂರು ತೂರಿಸಿದ, ಎಣ್ಣೆ ಬಿಟ್ಟ, ತಂತಿ ಬಗ್ಗಿಸಿ ಕೊಕ್ಕೆ ಹುಡುಕಿದ. ಐದು ನಿಮಿಷ ಅನ್ನುವುದನ್ನು ಒಂಬತ್ತು ಸಲ ಹೇಳಿದ. ಒಳಗೆ ಹೆಂಡತಿಯ ದನಿ ನಿಂತುಹೋಗಿತ್ತು. ಸಿಟ್ಟು ಬಂದಿದೆ ಅಂದುಕೊಂಡು ಇನ್ನಷ್ಟು ತಬ್ಬಿಬ್ಬಾದ.

"ಒಡೆಯೋ ಮಂಕೇ!" ಎಂದರು ಅಮ್ಮ, ಟಿವಿ ಆರಿಸಿ. ಅವರು ಟಿವಿ ಆರಿಸಿದ್ದು ಆ ವರ್ಷದಲ್ಲಿ ಅದೇ ಮೊದಲು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಬಾಗಿಲಪ್ಪನ ಕೆಲಸ ಅಷ್ಟು ಸುಲಭಕ್ಕೆ ಬಗ್ಗುವಂಥದ್ದಲ್ಲ, ಅದೇ ಅವನ ಗ್ರಹಚಾರ. ಒಂಬತ್ತೂವರೆಗೆ ಎತ್ತಿದ ಕೊಡಲಿ ಇಳಿಯುವಾಗ ಹತ್ತು ದಾಟಿ ಐದು ನಿಮಿಷ. ಚಕ್ಕೆಗಳ ನಡುವಿನಿಂದ ಹೆಂಡತಿ ಹೊರಗೆ ಬಂದಳು, ಹೆಗಲಿಗೆ ಬ್ಯಾಗು ಹಾಕಿಕೊಂಡೇ. ಗಡಿಯಾರ ನೋಡಿದಳು. ಬ್ಯಾಗನ್ನು ಮೊಳೆಗೆ ತಗುಲಿಸಿದಳು.

"ಕೈ ನೋಡ್ಕೊಳ್ಳಿ, ರಕ್ತ ಬರ್ತಿದೆ," ಅಂದಳು. ಅಷ್ಟೇ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮುಂದಿನ ಪರೀಕ್ಷೆ ಇನ್ನೊಂದು ವರ್ಷಕ್ಕೆ. ಅಷ್ಟರಲ್ಲಿ ಅವಳೇ ಕೆಲಸ ಕಲಿಸಿದ ಹುಡುಗಿ ಅವಳಿಗೆ ಮೇಲ್ವಿಚಾರಕಿಯಾಗಿ ಬಂದಳು. ಬಾಗಿಲಪ್ಪ ಎರಡೇ ದಿನದಲ್ಲಿ ಹೊಸ ಬಾಗಿಲು ಮಾಡಿ ಕೂರಿಸಿದ. ಪಕ್ಕಕ್ಕೆ ಮೂರು ಕೀಲು, ಎರಡೂ ಕಡೆ ಹಿಡಿಕೆ, ಎರಡೂ ಕಡೆ ಚಿಲಕ, ಎಲ್ಲ ಸ್ಕ್ರೂಗಳೂ ಊರಿಗೆಲ್ಲ ಕಾಣುವ ಹಾಗೆ. ಹೆಂಡತಿ ಅದನ್ನು ಮುಚ್ಚಿಕೊಂಡು ಓದಲೇ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ, ಟಿವಿಯ ಅಳುವಿನ ನಡುವೆ ಓದಿದಳು.

ಕಾರೂ ಬಂತು. ಕ್ಷೌರಿಕ ಪತ್ರಿಕೆ ಹಿಡಿದು ಓಡಿ ಬಂದ. ನಾಲ್ಕು ಬಾಗಿಲು, ನಾಲ್ಕು ಹಿಡಿಕೆ. ಎಳೆದರೆ ತೆಗೆಯುತ್ತದೆ, ತಳ್ಳಿದರೆ ಮುಚ್ಚುತ್ತದೆ. "ನೀನೇ ಗೆದ್ದೆ ಮಾರಾಯ," ಎಂದು ಬಾಗಿಲಪ್ಪ ಚಿತ್ರವನ್ನು ನೋಡದೆಯೇ ಉಳಿ ಮಸೆಯುತ್ತಾ ಕೂತ. ಕ್ಷೌರಿಕನಿಗೂ ಗೆದ್ದ ಖುಷಿ ಸಿಗಲಿಲ್ಲ.

ಮತ್ತೆ ಪರೀಕ್ಷೆಯ ದಿನ ಬಂದಾಗ ಬಾಗಿಲಪ್ಪ ಬೆಳಿಗ್ಗೆ ಏಳಕ್ಕೇ ಎಣ್ಣೆ ಡಬ್ಬಿ, ಸ್ಕ್ರೂ ಡ್ರೈವರ್ ಹಿಡಿದು ಹಾಜರಾದ.

"ಏನ್ರೀ ಅದು?"

"ಮುಂಬಾಗಿಲು ಒಂದ್ಸಲ ನೋಡಿಬಿಡ್ತೀನಿ. ಇವತ್ತು ಏನೂ ಆಗ್ಬಾರ್ದು."

ಹೆಂಡತಿ ಎರಡನ್ನೂ ಅವನ ಕೈಯಿಂದ ತೆಗೆದುಕೊಂಡಳು. ಅವನ ತೋಳು ಹಿಡಿದು ಚಿಕ್ಕ ಕೋಣೆಗೆ ಕರೆದೊಯ್ದು ಕೂರಿಸಿದಳು. "ನಾನು ಬರೋವರೆಗೂ ಇಲ್ಲೇ ಇರಿ. ಊಟದ ಡಬ್ಬಿ ಇಲ್ಲಿದೆ. ಬೇಕಾದ್ರೆ ಅತ್ತೇನ ಕರೀರಿ." (ಅತ್ತೆಗೆ ಕೇಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.) ಹೊರಗಿನಿಂದ ಚಿಲಕ ಬಿತ್ತು. ಬಾಗಿಲಪ್ಪ ತಕರಾರೆತ್ತಲಿಲ್ಲ.

ಸುಮ್ಮನೆ ಕೂರಲಾಗದೆ ಮೇಜಿನ ಮೇಲಿದ್ದ ಅವಳ ಕಳೆದ ವರ್ಷದ ಪುಸ್ತಕ ತೆರೆದ. ಪಾಠ ಮುಗಿದಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಕು, ಹೊತ್ತು ಬರೆದಿದ್ದಳು. ಕೊನೆಯ ಮೂರು ಪಾಠಗಳ ಪಕ್ಕ ಒಂದೇ ತಾರೀಕು. ಒಂಬತ್ತು ಗಂಟೆ ಐದು ನಿಮಿಷ. ಒಂಬತ್ತು ಮೂವತ್ತು. ಒಂಬತ್ತು ಐವತ್ತೈದು.

ಅವತ್ತು ಅವಳು ಸಿಟ್ಟಿನಿಂದ ಸುಮ್ಮನಾಗಿರಲಿಲ್ಲ. ಓದುತ್ತಿದ್ದಳು. ಐದೇ ನಿಮಿಷ ಎಂದು ಗಂಡ ಹೇಳಿದ್ದನ್ನು ಒಂಬತ್ತು ಸಲವೂ ನಂಬಿ, ಹೆಗಲಿಗೆ ಬ್ಯಾಗು ಹಾಕಿಕೊಂಡು ಓದುತ್ತಿದ್ದಳು. ಬಾಗಿಲಪ್ಪನಿಗೆ ಊಟದ ಡಬ್ಬಿ ತೆರೆಯಲು ಮನಸ್ಸು ಬರಲಿಲ್ಲ. ಆ ಮೂರು ಪಾಠಗಳನ್ನು ಮೊದಲ ಸಾಲಿನಿಂದ ಓದಿದ. ಒಂದಕ್ಷರ ಅರ್ಥವಾಗಲಿಲ್ಲ, ಮತ್ತೆ ಓದಿದ.

ಮಧ್ಯಾಹ್ನ ಎರಡಕ್ಕೆ ಚಿಲಕ ಸರಿಯಿತು. ಹೆಂಡತಿಯ ಮುಖ ಬಿಸಿಲಿಗೆ ಕೆಂಪಾಗಿತ್ತು, ಕಣ್ಣಲ್ಲಿ ಮಾತ್ರ ಗೆಲುವಿತ್ತು. ಮುಟ್ಟದ ಡಬ್ಬಿ ನೋಡಿ, "ಊಟಾನೂ ಮಾಡದೆ ಏನ್ಮಾಡ್ತಿದ್ರಿ ಇಷ್ಟೊತ್ತು?" ಎಂದಳು.

"ಓದ್ತಿದ್ದೆ."

ಅವಳು ತೆರೆದಿದ್ದ ಪುಟವನ್ನು ನೋಡಿದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟಳು.

"ಪಾಸಾದ್ರಾ?"

"ಇಲ್ಲ ಕಣೇ," ಎಂದ ಬಾಗಿಲಪ್ಪ.