ಕೋಳಿಗೆ ಕಟ್ಟಿದ ಕಬ್ಬಿಣದ ಮನೆ

ಕೊಪ್ಪದಲ್ಲಿ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವವರಲ್ಲಿ ನನ್ನಷ್ಟು ಗಟ್ಟಿ ಕೈ ಇನ್ನೊಂದಿಲ್ಲ. ಜಂಬ ಅಲ್ಲ, ಇದ್ದ ವಿಷಯ. ನರಸಿಂಹರಾಜಪುರದ ಕಡೆ ಒಂದು ಕೋಳಿ ಫಾರಂಗೆ ಗೇಟು ಕೂರಿಸಲು ಹೋದಾಗ ಅಲ್ಲಿಯ ಪಂಜರ ನೋಡಿದೆ. ತಳ ಇಳಿಜಾರು. ಕೋಳಿ ಇಟ್ಟ ಮೊಟ್ಟೆ ತಾನೇ ಉರುಳಿ ಮುಂದೆ ಬರುತ್ತದೆ. ಎಂಥ ಶಿಸ್ತು!

ನನ್ನ ಹೆಂಡತಿ ಸುಜಾತ ಅಡ್ಡಗದ್ದೆಯ ತವರಿನಿಂದ ತಂದ ನಾಟಿ ಕೋಳಿಗಳಿಗೆ ಶಿಸ್ತೇ ಇರಲಿಲ್ಲ. ಕಂಡಲ್ಲಿ ತಿರುಗಿ ಕಂಡಲ್ಲಿ ಮೊಟ್ಟೆ ಇಡುತ್ತಿದ್ದವು. ನಾನೇ ಪಂಜರ ಮಾಡಿದೆ.

"ಕೂರಕ್ಕೆ ಒಂದು ಕೋಲು, ಮೊಟ್ಟೆ ಇಡಕ್ಕೆ ಹುಲ್ಲು ಹಾಕಿದ ಬುಟ್ಟಿ ಇಡಿ ಮಾರಾಯ್ರೇ," ಎಂದಳು ಸುಜಾತ.

"ದಿಂಬು, ಸೊಳ್ಳೆಪರದೆನೂ ಬೇಕೇನೆ ನಿನ್ನ ಕೋಳಿಗೆ?"

"ಆಯ್ತು. ಮೊಟ್ಟೆ ಕಮ್ಮಿಯಾದ್ರೆ ಕೋಳಿ ತಗೊಂಡು ಅಡ್ಡಗದ್ದೆಗೆ ಹೋಗ್ತೀನಿ. ನೀವು ಪಂಜರದ ಜೊತೆ ಸಂಸಾರ ಮಾಡಿ!"

ಮೊದಲ ಮೊಟ್ಟೆ ಬಂತು. ಬಂತು ಅನ್ನುವುದಕ್ಕಿಂತ ಹಾರಿತು! ಇಳಿಜಾರು ಸ್ವಲ್ಪ ಜಾಸ್ತಿಯಾಗಿತ್ತು. ಘಾಟಿಯಲ್ಲಿ ಬ್ರೇಕ್ ಹೋದ ಲಾರಿಯ ಹಾಗೆ ಬಂದು ಅಂಗಳಕ್ಕೆ ಬಿತ್ತು. ತಡೆಯಲು ಮುಂದೊಂದು ಸರಳು ಬೆಸೆದೆ. ಎರಡನೆಯದು ಸರಳಿಗೆ ಬಡಿದು ಒಡೆಯಿತು. ಸರಳಿಗೆ ಏನೂ ಆಗಲಿಲ್ಲ! ಆದರೆ ಕೋಳಿಗಳು ಕತ್ತು ಚಾಚಿ ಒಡೆದ ಮೊಟ್ಟೆಯ ರುಚಿ ನೋಡಿಬಿಟ್ಟವು. ಆಮೇಲೆ ಉರುಳಲೂ ಬಿಡಲಿಲ್ಲ. ಇಟ್ಟ ಕೋಳಿಯೇ ತಿರುಗಿ ಕುಕ್ಕುತ್ತಿತ್ತು. ಮೊಟ್ಟೆ ಮುಗಿದರೆ ಪಕ್ಕದ ಕೋಳಿಯ ಪುಕ್ಕ.

ನೆರೆಮನೆಯ ಶೇಷಪ್ಪ ಬೇಲಿಯಿಂದ ಇಣುಕಿದ. "ಎಂತ ಮಾರಾಯ, ಕೋಳಿಗೆಲ್ಲ ಕ್ಷೌರ ಮಾಡ್ಸಿದ್ಯಾ?"

"ಹೊಸ ಪದ್ಧತಿ!" ಎಂದೆ ಗತ್ತಿನಲ್ಲಿ.

ಒಳಗೆ ಸುಜಾತ ಅಟ್ಟದಿಂದ ಬ್ಯಾಗು ಇಳಿಸುತ್ತಿದ್ದಳು. ನನ್ನ ಗತ್ತು ಅಲ್ಲೇ ಇಳಿಯಿತು. ಓಡಿ ಪಂಜರದ ಬಾಗಿಲು ತೆಗೆದೆ. ಕೋಳಿಗಳು ಹೊರಬಿದ್ದು ಮಣ್ಣಿನಲ್ಲಿ ಹೊರಳಾಡಿದವು.

"ಭಾನುವಾರದ ತನಕ ನೋಡ್ತೀನಿ," ಎಂದಳು. ಬ್ಯಾಗು ಮಾತ್ರ ಮತ್ತೆ ಅಟ್ಟಕ್ಕೆ ಏರಿಸಲಿಲ್ಲ.

ಭಾನುವಾರ ಬೆಳಿಗ್ಗೆ ಕೂಗಿದಳು. "ರೀ, ಬನ್ನಿ ಇಲ್ಲಿ!"

ಕೊಟ್ಟಿಗೆಯ ಮೂಲೆಯಲ್ಲಿ ಕೆಂಪು ಕೋಳಿ ಬೆಚ್ಚಗೆ ಕೂತಿತ್ತು. ಅಡಿಯಲ್ಲಿ ತುಂಬ ಮೊಟ್ಟೆ. ಒಂದೂ ಒಡೆದಿಲ್ಲ! ಕೂತಿದ್ದು ಎಲ್ಲಿ? ನಾನು ಅಂಗಾತ ಬಿಸಾಡಿದ್ದ ಬೈಕ್ ಹೆಲ್ಮೆಟ್ಟಿನಲ್ಲಿ! ಕತ್ತಲು, ಗುಂಡಿ, ಮೆತ್ತನೆ ಸ್ಪಂಜು.

"ಆ ಹೆಲ್ಮೆಟ್ ಆರಿಸಿ ತಂದವನು ಯಾರು?" ಎಂದು ಎದೆ ಉಬ್ಬಿಸಿ ಕೇಳಿದೆ.

"ಕಾವಿಗೆ ಕೂತಿದೆ. ಮರಿ ಆಗೋ ತನಕ ಅದನ್ನ ಮುಟ್ಟಿದ್ರೆ ನೋಡಿ!" ಎಂದು ಸುಜಾತ ಬ್ಯಾಗು ಅಟ್ಟಕ್ಕೆ ಎಸೆದಳು.

ಸೋಮವಾರ ನಡೆದು ಹೋಗುವಾಗ ರಸ್ತೆಯಲ್ಲಿ ಶೇಷಪ್ಪ ಸಿಕ್ಕಿದ. "ಬೈಕ್ ಕೆಟ್ಟೋಯ್ತನಾ?"

"ಬೈಕ್ ಸರಿ ಇದೆ ಮಾರಾಯ. ಹೆಲ್ಮೆಟ್ ಬಾಣಂತನಕ್ಕೆ ಹೋಗಿದೆ."

ಹೆಂಡತಿ ಮನೆಯಲ್ಲಿದ್ದಾಳೆ. ಕೋಳಿ ಮನೆಯಲ್ಲಿದೆ. ಹೊರಗೆ ಬಿದ್ದವನು ನಾನೊಬ್ಬನೇ, ಕೆಲಸಕ್ಕೆ ಹೋಗಲು ಕೊಪ್ಪದ ಬಸ್ಸಿಗೆ ಕಾಯುತ್ತಾ!